ಹೊಗೆಬಂಡಿಯ ‘ಎಫ್’ ವರ್ಗ: ದಕ್ಷಿಣ ಮರಾಠಾ ರೈಲ್ವೆಯ ಉಗಿ ಎಂಜಿನ್ನುಗಳು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ಊರುಗಳ ಪೈಕಿ ಒಂದಕ್ಕೂ ಇಂದಿನವರೆಗೆ ರೈಲುನಿಲ್ದಾಣವಿಲ್ಲ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ಖಾನಾಪುರದ ಸೀಮೆಯಲ್ಲಿ ಒಮ್ಮೆ ರೈಲುಹಳಿಯ ಕೆಳಗೆ ಹಾಯುತ್ತಾಳೆ. ಅನಂತರ ಸವದತ್ತಿಯ ಮಗ್ಗುಲಲ್ಲಿ ನವಿಲುತೀರ್ಥವನ್ನು ದಾಟಿ, ರಾಮದುರ್ಗವನ್ನು ಮುಟ್ಟಿ, ಹೊಳೆಆಲೂರಿನ ಹತ್ತಿರ ಮತ್ತೊಮ್ಮೆ ಹಳಿಯನ್ನು ಸಂಧಿಸುತ್ತಾಳೆ. ಈ ಎರಡು ಸೇತುವೆಗಳ ನಡುವಣ ನಾಡೇ ನಮ್ಮ ನಾಡು. ನದಿಗೆ ಎರಡು ಸಲ ದೊರೆತ ರೈಲು ನದಿಯ ದಂಡೆಯ ಜನರಿಗೆ ದೊರೆಯಲಿಲ್ಲ. ಆದರೂ ಈ ಸೀಮೆಯ ಹತ್ತಿ, ಜೋಳ, ಜವಳಿ, ಜಾತ್ರೆ, ವಿದ್ಯೆ ಇವೆಲ್ಲವುಗಳ ಮೇಲೆ ಆ ಹಳಿಯ ಮೇಲೆ ಓಡಿದ ಎಂಜಿನ್ನಿನ ನೆರಳು ಬಿದ್ದಿದೆ. ಆ ಎಂಜಿನ್ನು ಯಾವುದು, ಅದು ಹೇಗೆ ನಡೆಯುತ್ತಿತ್ತು, ಯಾವ ಕಾರಣದಿಂದ ಈ ಭಾಗಕ್ಕೆ ಬಂದಿತು ಎಂಬುದನ್ನು ತಿಳಿಯುವುದು ಅಪ್ರಸ್ತುತವಾಗಲಾರದು.

ಮೊದಲು ಹೆಸರಿನ ವಿಚಾರ. ನಮ್ಮ ಹಿರಿಯರು ರೈಲನ್ನು ‘ಹೊಗೆಬಂಡಿ’ ಎಂದು ಕರೆದರು. ಮರಾಠಿಯ ಸಂಪರ್ಕವಿದ್ದವರು ‘ಆಗಗಾಡಿ’, ಅಂದರೆ ಬೆಂಕಿಯ ಗಾಡಿ, ಎಂದರು. ಬರವಣಿಗೆಯ ಕನ್ನಡದಲ್ಲಿ ‘ಉಗಿಬಂಡಿ’ ಎಂಬುದು ರೂಢವಾಯಿತು. ಮೂರು ಹೆಸರುಗಳೂ ಒಂದೇ ವಸ್ತುವನ್ನು ಸೂಚಿಸಿದರೂ ಮೂರರ ದೃಷ್ಟಿ ಬೇರೆ ಬೇರೆ. ಹೊಗೆಬಂಡಿ ಎಂಬುದು ದೂರದಿಂದ ಕಂಡವನ ಮಾತು. ಆಗಗಾಡಿ ಎಂಬುದು ಹತ್ತಿರ ನಿಂತು ಕುಲುಮೆಯನ್ನು ಕಂಡವನ ಮಾತು. ಉಗಿಬಂಡಿ ಎಂಬುದು ಕಾರಣವನ್ನು ಅರಿತವನ ಮಾತು. ಬಂಡಿಯನ್ನು ಎಳೆಯುವುದು ಹೊಗೆಯಲ್ಲ, ಬೆಂಕಿಯೂ ಅಲ್ಲ, ಕಾದ ನೀರಿನ ಉಗಿ. ಶಾಸ್ತ್ರದೃಷ್ಟಿಗೆ ಮೂರನೆಯದೇ ಸಾಧು; ಆದರೆ ಜನರ ಬಾಯಲ್ಲಿ ನಿಂತದ್ದು ಮೊದಲನೆಯದು.

ಈ ಪ್ರಾಂತಕ್ಕೆ ರೈಲು ಬಂದ ಕಾರಣ ದುಃಖಕರವಾದದ್ದು. 1876ರಿಂದ 1878ರವರೆಗೆ ಮುಂಬಯಿ, ಮದರಾಸು ಆಧಿಪತ್ಯಗಳಲ್ಲಿಯೂ ಮೈಸೂರು ಸಂಸ್ಥಾನದಲ್ಲಿಯೂ ಘೋರವಾದ ಕ್ಷಾಮವು ತಲೆದೋರಿತು. ಧಾತು ಸಂವತ್ಸರದಲ್ಲಿ ಮೊದಲಾದುದರಿಂದ ಅದಕ್ಕೆ ಧಾತು ಸಂವತ್ಸರದ ಬರವೆಂದೇ ಹೆಸರು. ಬೇರೆ ಪ್ರಾಂತಗಳಲ್ಲಿ ಧಾನ್ಯವಿದ್ದರೂ ಅದನ್ನು ವಿಜಾಪುರ, ಬೆಳಗಾವಿ, ಧಾರವಾಡ ಜಿಲ್ಲೆಗಳಿಗೆ ತರುವ ಸಾಧನ ಎತ್ತಿನ ಬಂಡಿಯೊಂದೇ ಆಗಿದ್ದಿತು. ಮೇವಿಲ್ಲದೆ ಎತ್ತುಗಳೇ ಸತ್ತ ಮೇಲೆ ಬಂಡಿಯನ್ನು ಎಳೆಯುವವರಾರು? ಕ್ಷಾಮ ಕಳೆದ ಬಳಿಕ ನೇಮಕವಾದ ಆಯೋಗವು 1880ರಲ್ಲಿ ತನ್ನ ವರದಿಯನ್ನು ಒಪ್ಪಿಸಿ, ಬರಪೀಡಿತ ಪ್ರದೇಶಗಳಿಗೆ ‘ರಕ್ಷಣಾ ರೈಲು’ಗಳನ್ನು ಹಾಕಬೇಕೆಂದಿತು. ಅದರ ಬೆನ್ನಿಗೇ 1882ರಲ್ಲಿ ಇಂಗ್ಲೆಂಡಿನಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಸ್ಥಾಪಿತವಾಯಿತು. 1884ರಲ್ಲಿ ಸೊಲ್ಲಾಪುರದ ಸಮೀಪದ ಹೋಟಗಿಯಿಂದ ವಿಜಾಪುರ, ಬಾಗಲಕೋಟೆ, ಬಾದಾಮಿಗಳ ಮೇಲೆ ಗದಗಿನವರೆಗೆ ಗಾಡಿ ಓಡಿತು. ಆ ದಶಕವು ಮುಗಿಯುವುದರೊಳಗೆ ಹುಬ್ಬಳ್ಳಿ, ಧಾರವಾಡ, ಲೋಂಡಾ, ಬೆಳಗಾವಿಗಳು ಹಳಿಗೆ ಸೇರಿದವು. 1888ರಲ್ಲಿ ಪೋರ್ತುಗೀಜರ ಗೋವೆಯ ಮಾರ್ಮುಗೋವಾ ಬಂದರು ಕ್ಯಾಸಲ್‌ರಾಕ್ ಘಟ್ಟದ ಮೂಲಕ ಜೋಡಣೆಯಾಯಿತು. 1889ರಲ್ಲಿ ಹರಿಹರದಿಂದ ಬೆಂಗಳೂರಿಗೆ ದಾರಿ ತೆರೆಯಿತು.

ಕಂಪನಿಯ ಹೆಸರನ್ನು ಕುರಿತು ಒಂದು ಮಾತು ಹೇಳದೆ ಮುಂದುವರಿಯುವುದು ಕಷ್ಟ. ಹೋಟಗಿಯನ್ನು ಬಿಟ್ಟು ಗಾಡಿ ದಕ್ಷಿಣಕ್ಕೆ ಸಾಗಿದಂತೆ ನಿಲ್ದಾಣದಿಂದ ನಿಲ್ದಾಣಕ್ಕೆ ಕೇಳಿಬರುತ್ತಿದ್ದ ನುಡಿ ಕನ್ನಡ. ಆದರೆ ಸಾಂಗಲಿ, ಜಮಖಂಡಿ, ಮುಧೋಳ, ರಾಮದುರ್ಗ ಮೊದಲಾದ ಸಂಸ್ಥಾನಗಳ ಒಡೆಯರು ಮರಾಠರ ಆಳಿಕೆಯ ಪರಂಪರೆಯವರಾದುದರಿಂದ ಆಂಗ್ಲರು ಈ ಇಡೀ ಭೂಭಾಗಕ್ಕೆ ‘ದಕ್ಷಿಣ ಮರಾಠಾ ಪ್ರಾಂತ’ವೆಂದು ಹೆಸರಿಟ್ಟಿದ್ದರು. ಆ ಹೆಸರೇ ಗಾಡಿಯ ಡಬ್ಬಿಗಳ ಮೇಲೂ ಟಿಕೀಟುಗಳ ಮೇಲೂ ಅಚ್ಚಾಯಿತು. 1908ರಲ್ಲಿ ಮದ್ರಾಸ್ ರೈಲ್ವೆಯೊಡನೆ ಕೂಡಿ ಅದು ‘ಮದ್ರಾಸ್ ಮತ್ತು ಸದರ್ನ್ ಮರಾಠಾ ರೈಲ್ವೆ’ಯಾದಾಗಲೂ, 1951ರಲ್ಲಿ ದಕ್ಷಿಣ ರೈಲ್ವೆಯಲ್ಲಿ ಅಡಗುವವರೆಗೂ, ಕನ್ನಡ ನಾಡಿನ ಈ ಹಳಿಗೆ ಕನ್ನಡದ ಹೆಸರು ಬರಲಿಲ್ಲ.

ಇನ್ನು ಹಳಿಯ ಅಗಲ. ಭಾರತದ ಮೊದಲ ರೈಲುಗಳ ಹಳಿಗಳ ಅಂತರ ಐದೂವರೆ ಅಡಿ. ಅದಕ್ಕೆ ತಗಲುವ ವೆಚ್ಚವನ್ನು ಕಂಡು 1870ರ ಸುಮಾರಿಗೆ ವೈಸರಾಯ್ ಲಾರ್ಡ್ ಮೇಯೋ ಅವರ ಸರಕಾರವು ಕಿರಿದಾದ ಹಳಿಯನ್ನು ಆರಿಸಿತು. ಭಾರತದಲ್ಲಿ ದಶಮಾನ ಪದ್ಧತಿಯ ಅಳತೆಗಳು ಬೇಗನೆ ಬರಲಿವೆ ಎಂಬ ನಿರೀಕ್ಷೆಯಿಂದ ಹಳಿಯ ಅಂತರವನ್ನು ಸರಿಯಾಗಿ ಒಂದು ಮೀಟರು ಎಂದು ಗೊತ್ತುಮಾಡಿದರು. ಅಳತೆಯ ಕಾಯಿದೆ ಬರಲು 1956 ಆಗಬೇಕಾಯಿತು. ಹೀಗೆ ಮೀಟರು ನಮ್ಮ ಬಟ್ಟೆಯಂಗಡಿಗೆ ಬರುವುದಕ್ಕೆ ಎಂಬತ್ತಕ್ಕೂ ಹೆಚ್ಚು ವರ್ಷ ಮೊದಲೇ ರೈಲಿನ ಹಳಿಯಲ್ಲಿ ಬಂದು ಕುಳಿತಿದ್ದಿತು. ಅಗ್ಗದ ಹಳಿಯಿಂದ ಉಳಿದ ಹಣ ಬೇರೆ ರೀತಿಯಲ್ಲಿ ಸೋರಿಹೋಯಿತೆಂಬುದೂ ನಿಜ. ಹೋಟಗಿಯಲ್ಲಿ ಮೀಟರ್ ಹಳಿ ಮುಗಿದು ದೊಡ್ಡ ಹಳಿ ತೊಡಗುತ್ತಿದ್ದುದರಿಂದ ಮುಂಬಯಿಗೆ ಹೋಗುವ ಒಂದೊಂದು ಹತ್ತಿಯ ಅಂಡಿಗೆಯನ್ನೂ ಹಮಾಲರು ಒಂದು ಡಬ್ಬಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕಾಗುತ್ತಿತ್ತು.

ಈ ಮೀಟರ್ ಹಳಿಗಾಗಿ ಬ್ರಿಟನ್ನಿನಲ್ಲಿ ಸಿದ್ಧವಾದ ಎಂಜಿನ್ನುಗಳಿಗೆ ವರ್ಣಮಾಲೆಯ ಕ್ರಮದಲ್ಲಿ ಎ, ಬಿ, ಸಿ ಎಂದು ಅಕ್ಷರಗಳನ್ನು ಕೊಟ್ಟರು. ಅವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಹಬ್ಬಿದ್ದು ‘ಎಫ್’ ವರ್ಗ. 1870ರ ದಶಕದ ನಡುವಿನಿಂದ ಮೊದಲಾಗಿ ವಿಕ್ಟೋರಿಯಾ ರಾಣಿಯ ಆಳಿಕೆಯ ಕೊನೆಯವರೆಗೂ, ಅದರ ಆಚೆಗೂ, ಈ ವರ್ಗದ ಎಂಜಿನ್ನುಗಳು ಸಣ್ಣಪುಟ್ಟ ಮಾರ್ಪಾಟುಗಳೊಂದಿಗೆ ತಯಾರಾಗುತ್ತಲೇ ಇದ್ದವು. ಗ್ಲಾಸ್ಗೋ ನಗರದ ನೀಲ್ಸನ್, ಡಬ್ಸ್ ಮೊದಲಾದ ಕಾರ್ಖಾನೆಗಳು ಭಾರತದ ಹಳಿಗಳಿಗೆ ಎಂಜಿನ್ನುಗಳನ್ನು ಕಟ್ಟಿ ಹಡಗಿನಲ್ಲಿ ಕಳಿಸುವುದರಲ್ಲಿ ಹೆಸರಾದವು. 1903ರಲ್ಲಿ ಇವೆರಡೂ ಶಾರ್ಪ್ ಸ್ಟುವರ್ಟ್ ಕಂಪನಿಯೊಡನೆ ಒಂದಾಗಿ ನಾರ್ತ್ ಬ್ರಿಟಿಷ್ ಲೋಕೋಮೋಟಿವ್ ಕಂಪನಿಯಾಯಿತು. ರಾಜಪುತಾನದಿಂದ ದಕ್ಷಿಣದವರೆಗೆ ಮೀಟರ್ ಹಳಿ ಇದ್ದಲ್ಲೆಲ್ಲ ಎಫ್ ವರ್ಗ ಕಾಣಸಿಗುತ್ತಿತ್ತು. ಸದರ್ನ್ ಮರಾಠಾ ರೈಲ್ವೆಯ ಗಾಡಿಗಳನ್ನು ಎಳೆದ ಎಂಜಿನ್ನುಗಳಲ್ಲಿಯೂ ಇವು ಸೇರಿದ್ದವು. ಒಂದೇ ನಕ್ಷೆಯ ಎಂಜಿನ್ನುಗಳು ಎಲ್ಲೆಡೆ ಇದ್ದುದರ ಪ್ರಯೋಜನ ದೊಡ್ಡದು. ಒಂದು ರೈಲ್ವೆಯಲ್ಲಿ ಕೆಲಸ ಕಲಿತವನು ಇನ್ನೊಂದರಲ್ಲಿ ಪರಕೀಯನಾಗಲಿಲ್ಲ. ಬರಗಾಲದಂಥ ಅವಸರದಲ್ಲಿ ಎಂಜಿನ್ನುಗಳನ್ನು ಒಂದು ದಾರಿಯಿಂದ ಇನ್ನೊಂದಕ್ಕೆ ಸಾಗಿಸಲೂ ಅನುಕೂಲವಾಯಿತು.

ಎಫ್ ವರ್ಗದ ಲಕ್ಷಣವನ್ನು ರೈಲು ತಜ್ಞರು 0-6-0 ಎಂಬ ಮೂರು ಅಂಕಿಗಳಲ್ಲಿ ಹೇಳುತ್ತಾರೆ. ಮುಂದೆ ದಾರಿ ತೋರುವ ಚಿಕ್ಕ ಗಾಲಿ ಇಲ್ಲ, ಸೊನ್ನೆ; ನಡುವೆ ಎಳೆಯುವ ಗಾಲಿ ಆರು; ಹಿಂದೆ ಭಾರ ಹೊರುವ ಗಾಲಿ ಇಲ್ಲ, ಮತ್ತೆ ಸೊನ್ನೆ. ಮೂರೂವರೆ ಅಡಿಯ ಆಸುಪಾಸಿನ ವ್ಯಾಸವುಳ್ಳ ಈ ಆರು ಗಾಲಿಗಳೂ ಉಕ್ಕಿನ ದಂಡಗಳಿಂದ ಪರಸ್ಪರ ಕೂಡಿಕೊಂಡಿದ್ದು ಒಟ್ಟಿಗೇ ತಿರುಗುತ್ತವೆ. ನುಣುಪಾದ ಹಳಿಯ ಮೇಲೆ ನುಣುಪಾದ ಗಾಲಿ ಜಾರದೆ ಹಿಡಿಯಬೇಕಾದರೆ ಮೇಲಿನಿಂದ ಭಾರ ಬೇಕು. ಎಂಜಿನ್ನಿನ ತೂಕವೆಲ್ಲವೂ ಎಳೆಯುವ ಗಾಲಿಗಳ ಮೇಲೆಯೇ ಬೀಳುವುದರಿಂದ ಹಿಡಿತವು ಹೆಚ್ಚು. ಆದುದರಿಂದ ಸರಕಿನ ಗಾಡಿಗೆ ಇದು ತಕ್ಕದ್ದು. ಆದರೆ ಮುಂದೆ ದಾರಿಗಾಣುವ ಗಾಲಿಗಳಿಲ್ಲದ ಕಾರಣ ವೇಗ ಹೆಚ್ಚಿದಂತೆ ಮೈ ಓಲಾಡುತ್ತದೆ. ಟಪಾಲು ಗಾಡಿಗಳ ವೇಗಕ್ಕೆಂದು 4-4-0 ರಚನೆಯ ‘ಓ’ ವರ್ಗವು ಬಂದಿತು. ಅದರ ಮುಂಭಾಗದ ನಾಲ್ಕು ಚಿಕ್ಕ ಗಾಲಿಗಳು ತಿರುವಿನಲ್ಲಿ ಮೊದಲು ಹೊರಳಿ ಮೈಯನ್ನು ಒಯ್ಯುತ್ತವೆ. ಒಂದು ಹೂಡುವ ಎತ್ತು, ಇನ್ನೊಂದು ಸವಾರಿಯ ಕುದುರೆ ಎಂದರೆ ಒಕ್ಕಲುತನದ ಮನೆಯವರಿಗೆ ಬೇರೆ ವಿವರಣೆ ಬೇಕಾಗದು.

ಒಳಗಿನ ವ್ಯವಹಾರವನ್ನು ಕೊಂಚ ಬಿಡಿಸಿ ನೋಡಬೇಕು. ಎಂಜಿನ್ನಿನ ಉದ್ದನೆಯ ಉರುಟು ಹೊಟ್ಟೆಯೇ ಬಾಯ್ಲರು. ಅದರ ಹಿಂತುದಿಯಲ್ಲಿ ಒಲೆ. ಒಲೆಯ ಬಿಸಿಹೊಗೆಯು ನೇರವಾಗಿ ಹೊರಗೆ ಹೋಗದೆ, ನೀರಿನಲ್ಲಿ ಮುಳುಗಿದ ಅನೇಕ ತೆಳ್ಳನೆಯ ಕೊಳವೆಗಳೊಳಗಿಂದ ಹಾಯ್ದು ಮುಂದಿನ ಹೊಗೆಗೂಡನ್ನು ಸೇರುತ್ತದೆ. ಒಂದು ಹಂಡೆಯ ತಳಕ್ಕೆ ಮಾತ್ರ ಉರಿ ತಗಲುವುದಕ್ಕೂ, ನೀರಿನ ನಡುವೆಯೇ ನೂರಾರು ಉರಿಯ ದಾರಿಗಳಿರುವುದಕ್ಕೂ ಎಷ್ಟು ಅಂತರವೆಂಬುದನ್ನು ಊಹಿಸಬಹುದು. ಹೀಗೆ ಹುಟ್ಟಿದ ಉಗಿಯು ಬಾಯ್ಲರಿನ ಬೆನ್ನಿನ ಮೇಲಿನ ಗುಮ್ಮಟದಲ್ಲಿ ಕೂಡಿ, ಚಾಲಕನು ಹಿಡಿಕೆಯನ್ನು ಸರಿಸಿದಾಗ ಸಿಲಿಂಡರುಗಳಿಗೆ ನುಗ್ಗುತ್ತದೆ.

ಸಿಲಿಂಡರು ಎಂದರೆ ಎರಡೂ ಬಾಯಿ ಮುಚ್ಚಿದ ಒಂದು ನಳಿಗೆ. ಅದರೊಳಗೆ ಬಿಗಿಯಾಗಿ ಕುಳಿತ ಬಿಲ್ಲೆಯೇ ಪಿಸ್ಟನ್ನು. ಉಗಿಯು ಒಮ್ಮೆ ಮುಂದಿನಿಂದ, ಒಮ್ಮೆ ಹಿಂದಿನಿಂದ ಅದನ್ನು ನೂಕುತ್ತದೆ. ನೂಕುವುದು ಹಿಂದುಮುಂದಾಗಿ, ಆದರೆ ಗಾಲಿ ತಿರುಗಬೇಕಾದುದು ದುಂಡಗೆ. ಇದು ಹೇಗೆ ಸಾಧ್ಯ? ನಮ್ಮ ತಾಯಂದಿರ ಬೀಸುಕಲ್ಲನ್ನು ನೆನೆದರೆ ಸಾಕು. ಬೀಸುವವಳ ಕೈ ಮೈಯಿಂದ ದೂರ ಹೋಗುತ್ತದೆ, ಮರಳಿ ಹತ್ತಿರ ಬರುತ್ತದೆ. ಕಲ್ಲಿನ ಅಂಚಿನಲ್ಲಿ ನೆಟ್ಟ ಗೂಟವು ಆ ಹೋಗುಬರುವಿಕೆಯನ್ನೇ ಸುತ್ತಾಗಿ ಮಾರ್ಪಡಿಸುತ್ತದೆ. ಎಂಜಿನ್ನಿನ ಗಾಲಿಯಲ್ಲಿಯೂ ನಡುವಿನಿಂದ ದೂರದಲ್ಲಿ ಅಂಥದೇ ಗೂಟವಿದೆ. ಪಿಸ್ಟನ್ನಿನ ದಂಡವೇ ಅದನ್ನು ಹಿಡಿದ ಕೈ.

ಇಲ್ಲಿ ಒಂದು ತೊಡಕು ಇದೆ. ಗೂಟವು ದಂಡದ ನೇರಕ್ಕೇ ಬಂದಾಗ ಎಷ್ಟು ನೂಕಿದರೂ ಗಾಲಿ ತಿರುಗದು. ಬೀಸುಕಲ್ಲಿನಲ್ಲಿ ಕೈಯ ಬಳುಕು ಅದನ್ನು ದಾಟಿಸುತ್ತದೆ. ಕಬ್ಬಿಣದ ದಂಡಕ್ಕೆ ಬಳುಕಿಲ್ಲ. ಅದಕ್ಕಾಗಿ ಎರಡು ಸಿಲಿಂಡರುಗಳನ್ನು ಇಟ್ಟು, ಒಂದರ ಗೂಟ ನೇರಕ್ಕೆ ಬಂದಾಗ ಇನ್ನೊಂದರ ಗೂಟ ಕಾಲುಸುತ್ತು ಆಚೆಗೆ, ಪೂರ್ಣ ಬಲದ ಸ್ಥಾನದಲ್ಲಿ ಇರುವಂತೆ ಜೋಡಿಸಿದರು. ಎರಡು ಸಿಲಿಂಡರು, ಒಂದೊಂದಕ್ಕೆ ಸುತ್ತಿಗೆ ಎರಡು ನೂಕು, ಒಟ್ಟು ನಾಲ್ಕು. ಪ್ರತಿಯೊಂದು ನೂಕಿನ ಕೊನೆಗೂ ಬಳಸಿದ ಉಗಿಯು ಹೊಗೆಕೊಳವೆಯ ಮೂಲಕ ಹೊರಚಿಮ್ಮುತ್ತದೆ. ಮಕ್ಕಳು ‘ಚುಕುಬುಕು’ ಎಂದು ಅನುಕರಿಸುವ ಸದ್ದು ಇದೇ. ಮೂರೂವರೆ ಅಡಿಯ ಗಾಲಿಯ ಸುತ್ತಳತೆ ಸುಮಾರು 11 ಅಡಿ. ಒಂದು ಕಿಲೋಮೀಟರಿಗೆ ಹೆಚ್ಚುಕಡಿಮೆ 300 ಸುತ್ತು, ಅಂದರೆ 1200 ಉಸಿರು. ಗಂಟೆಗೆ 30 ಕಿಲೋಮೀಟರು ವೇಗದಲ್ಲಿ ಓಡುವಾಗ ಸೆಕೆಂಡಿಗೆ ಹತ್ತು. ಗಣಿತದ ಅಧ್ಯಾಪಕರು ಇದನ್ನು ಐದನೆಯ ಇಯತ್ತೆಯ ಮಕ್ಕಳಿಗೆ ಲೆಕ್ಕವಾಗಿ ಕೊಡಬಹುದು.

ಈ ಸದ್ದು ಬರಿಯ ಸದ್ದಲ್ಲ. ಉಗಿಯು ಹೊಗೆಕೊಳವೆಯಲ್ಲಿ ಮೇಲಕ್ಕೆ ಚಿಮ್ಮುವಾಗ ಹೊಗೆಗೂಡಿನ ಗಾಳಿಯನ್ನೂ ಸೆಳೆದುಕೊಂಡು ಹೋಗುತ್ತದೆ; ಆ ಸೆಳೆತಕ್ಕೆ ಒಲೆಯೊಳಗೆ ಹೊಸ ಗಾಳಿ ನುಗ್ಗಿ ಉರಿ ಹೆಚ್ಚುತ್ತದೆ. ಏರಿನಲ್ಲಿ ಎಂಜಿನ್ನು ಹೆಚ್ಚು ದುಡಿದಷ್ಟೂ ಹೆಚ್ಚು ಉಗಿ ಹೊರಬಿದ್ದು, ತನಗೆ ಬೇಕಾದ ಉರಿಯನ್ನು ತಾನೇ ಊದಿಕೊಳ್ಳುತ್ತದೆ. ಕಮ್ಮಾರನ ತಿದಿಗೆ ಒಬ್ಬ ಆಳು ಬೇಕು. ಈ ತಿದಿಗೆ ಆಳು ಬೇಕಿಲ್ಲ. ಉಗಿ ಎಂಜಿನ್ನಿನ ರಚನೆಯಲ್ಲಿ ಇದಕ್ಕಿಂತ ಚೆಲುವಾದ ಯುಕ್ತಿ ಇನ್ನೊಂದಿಲ್ಲ.

ಚೆಲುವಿನೊಂದಿಗೆ ದುಂದೂ ಇದ್ದಿತು. ಒಲೆಯ ಶಾಖದಲ್ಲಿ ಎಳೆಯುವ ಕೆಲಸಕ್ಕೆ ದಕ್ಕುತ್ತಿದ್ದುದು ತೀರ ಅಲ್ಪಾಂಶ. ಮಿಕ್ಕುದೆಲ್ಲ ಹೊಗೆಯೊಂದಿಗೂ ಉಗಿಯೊಂದಿಗೂ ಆಕಾಶದ ಪಾಲು. ನೀರಿನ ದಾಹವಂತೂ ಹೇಳತೀರದು. ಬಯಲುಸೀಮೆಯ ಸವಳು ನೀರು ಬಾಯ್ಲರಿನ ಕೊಳವೆಗಳಿಗೆ ಸುಣ್ಣದ ಪೊರೆಯನ್ನು ಕಟ್ಟಿಸುತ್ತಿತ್ತು. ಅದನ್ನು ಆಗಾಗ ತೊಳೆದು ಕೆರೆಯದಿದ್ದರೆ ಎಷ್ಟು ಉರಿದರೂ ಉಗಿ ಏಳದು. ಕುಡಿಯುವ ನೀರಿಗೇ ತತ್ವಾರವಿದ್ದ ಊರುಗಳಲ್ಲಿ ರೈಲಿನ ನೀರಿನ ತೊಟ್ಟಿ ತುಂಬಿರುವುದನ್ನು ಕಂಡವರಿಗೆ ಏನೆನಿಸಿರಬಹುದು!

ಎಂಜಿನ್ನು ಬಂದರೆ ಸಾಲದು, ಅದನ್ನು ರಿಪೇರಿ ಮಾಡುವ ಕೈಗಳು ಬೇಕು. 1885ರಲ್ಲಿ ಹುಬ್ಬಳ್ಳಿಯಲ್ಲಿ ರೈಲ್ವೆ ಕಾರ್ಖಾನೆಯು ಆರಂಭವಾಯಿತು. ನೇಗಿಲ ಕುಳ ಬಡಿಯುತ್ತಿದ್ದ ಕಮ್ಮಾರರ ಮಕ್ಕಳೂ ಬಂಡಿಯ ಗಾಲಿ ಕೂಡಿಸುತ್ತಿದ್ದ ಬಡಿಗರ ಮಕ್ಕಳೂ ಅಲ್ಲಿ ಫಿಟ್ಟರು, ಟರ್ನರುಗಳಾದರು. ಮಠಗಳಾಗಲಿ ಸರಕಾರವಾಗಲಿ ಈ ಭಾಗದಲ್ಲಿ ಯಂತ್ರವಿದ್ಯೆಯ ಶಾಲೆಗಳನ್ನು ತೆರೆಯುವುದಕ್ಕೆ ಬಹುಕಾಲ ಮೊದಲೇ ಈ ಕಾರ್ಖಾನೆಯು ಒಂದು ವಿದ್ಯಾಲಯದ ಕೆಲಸವನ್ನು ಮಾಡಿತು. ಕಂಪನಿಯ ಮುಖ್ಯ ಕಚೇರಿ ಇದ್ದುದು ಧಾರವಾಡದಲ್ಲಿ. 1908ರಲ್ಲಿ ಆಡಳಿತವು ಮದರಾಸಿಗೆ ಹೋದ ಮೇಲೆ ತೆರವಾದ ಆ ಭವ್ಯವಾದ ಕಟ್ಟಡದಲ್ಲಿಯೇ, ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಮೊದಲಾದವರ ಪ್ರಯತ್ನದಿಂದ 1917ರಲ್ಲಿ ಹುಟ್ಟಿದ ಕರ್ನಾಟಕ ಕಾಲೇಜು ನೆಲೆಗೊಂಡಿತು. ಎಂಜಿನ್ನುಗಳ ಲೆಕ್ಕ ಬರೆಯುತ್ತಿದ್ದ ಕೋಣೆಗಳಲ್ಲಿ ಪಂಪ, ರನ್ನ, ಕಾಳಿದಾಸರ ಪಾಠ ನಡೆಯಿತು. ರೈಲ್ವೆ ಕಂಪನಿಯು ಈ ನಾಡಿಗೆ ಬಯಸದೆ ಕೊಟ್ಟ ಕಾಣಿಕೆಗಳಲ್ಲಿ ಇದೇ ಹಿರಿದೆಂದರೆ ತಪ್ಪಾಗದು. ವಿಜಾಪುರದ ಫ.ಗು. ಹಳಕಟ್ಟಿಯವರ ವಚನಶಾಸ್ತ್ರಸಾರವು 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತೆಂಬುದನ್ನೂ, ಎರಡು ಊರುಗಳೂ ಒಂದೇ ಮೀಟರ್ ಹಳಿಯ ತುದಿಗಳಲ್ಲಿದ್ದುವೆಂಬುದನ್ನೂ ಇಲ್ಲಿಯೇ ನೆನೆಯಬಹುದು.

ವ್ಯಾಪಾರದ ದಿಕ್ಕೂ ಬದಲಾಯಿತು. ಅದುವರೆಗೆ ಬೈಲಹೊಂಗಲ, ಸವದತ್ತಿಗಳ ಎರೆಯ ಹೊಲಗಳ ಹತ್ತಿಯು ಬಂಡಿಗಳಲ್ಲಿ ಘಟ್ಟವಿಳಿದು ಕುಮಟೆಯ ಬಂದರಿಗೆ ಹೋಗುತ್ತಿತ್ತು. ಮುಂಬಯಿಯ ಪೇಟೆಯಲ್ಲಿ ಈ ಭಾಗದ ಹತ್ತಿಗೆ ‘ಕುಮಟಾ’ ಎಂಬ ಹೆಸರೇ ಇದ್ದಿತು. ರೈಲು ಬಂದ ಮೇಲೆ ಬಂಡಿಗಳು ಧಾರವಾಡ, ಹುಬ್ಬಳ್ಳಿ, ಗದಗಿನ ನಿಲ್ದಾಣಗಳ ಕಡೆಗೆ ತಿರುಗಿದವು. ಕುಮಟೆಯ ವೈಭವ ಕುಂದಿತು. ಹತ್ತಿಯನ್ನು ಒಯ್ದ ಗಾಡಿಯೇ ಮರಳಿ ಬರುವಾಗ ಮ್ಯಾಂಚೆಸ್ಟರಿನ ಬಟ್ಟೆಯನ್ನು ತಂದಿತು. ರಾಮದುರ್ಗ, ಸುರೇಬಾನಗಳ ಮಗ್ಗಗಳು ಎದುರಿಸಬೇಕಾದ ಸ್ಪರ್ಧೆ ಎಂಥದೆಂದು ಬೇರೆ ಹೇಳಬೇಕಿಲ್ಲ. ಬರವನ್ನು ತಡೆಯಲೆಂದು ಬಂದ ರೈಲು ಬರವನ್ನು ತಡೆಯಿತೇ ಎಂಬ ಪ್ರಶ್ನೆಯೂ ಉಳಿಯಿತು. 1899-1900ರ ಕ್ಷಾಮದಲ್ಲಿ ಧಾನ್ಯ ಸಾಗಿಸಲು ಹಳಿ ಇತ್ತು, ಕೊಳ್ಳಲು ಜನರ ಕೈಯಲ್ಲಿ ಹಣವಿರಲಿಲ್ಲ. ರೈಲಿಗಿಂತ ನೀರಾವರಿಗೆ ಹಣ ಹಾಕಬೇಕಿತ್ತೆಂದು ರಮೇಶಚಂದ್ರ ದತ್ತರು ಆಗಲೇ ವಾದಿಸಿದ್ದರು. ಮಲಪ್ರಭೆಯ ನೀರು ಕಾಲುವೆಗಳಲ್ಲಿ ಹರಿಯುವುದನ್ನು ಕಂಡ ಇಂದಿನ ರೈತರಿಗೆ ದತ್ತರ ಮಾತಿನ ಸತ್ಯ ತಿಳಿದೇ ಇದೆ.

ಹಾಗಾದರೆ ಧಾರವಾಡದಿಂದ ಬೆಳಗಾವಿಗೆ ಹೋಗುವ ಹಳಿ ನೇರವಾಗಿ ಕಿತ್ತೂರಿನ ಮೇಲೆ ಏಕೆ ಬರಲಿಲ್ಲ? ಕಂಪನಿಯ ಕಣ್ಣು ಬಂದರಿನ ಮೇಲಿದ್ದಿತು. ಮಾರ್ಮುಗೋವೆಗೆ ಇಳಿಯುವ ದಾರಿ ಕ್ಯಾಸಲ್‌ರಾಕಿನದು. ಅದಕ್ಕೆ ಕೂಡುವ ಜಂಕ್ಷನ್ನು ಲೋಂಡಾ. ಆದುದರಿಂದ ಹಳಿಯು ಅಳ್ನಾವರದ ಮೇಲೆ ಪಶ್ಚಿಮದ ಕಾಡಿಗೆ ಹೋಗಿ, ಲೋಂಡಾದಲ್ಲಿ ಹೊರಳಿ, ಖಾನಾಪುರದ ಮೇಲೆ ಬೆಳಗಾವಿಯನ್ನು ಸೇರಿತು. ಹೆದ್ದಾರಿಯಲ್ಲಿ ಎಂಬತ್ತು ಕಿಲೋಮೀಟರಿಗೂ ಕಡಿಮೆಯಾದ ದಾರಿ ರೈಲಿನಲ್ಲಿ ಸುಮಾರು 120 ಆಯಿತು. ವಿಜಾಪುರದ ಕಡೆಯ ಹಳಿಯಂತೂ ಎಷ್ಟೋ ಊರುಗಳನ್ನು ದೂರದಿಂದಲೇ ನೋಡಿ ಹೋಯಿತು. ‘ಗುಳೇದಗುಡ್ಡ ರೋಡ್’, ‘ಬಸವನಬಾಗೇವಾಡಿ ರೋಡ್’ ಎಂಬ ನಿಲ್ದಾಣಗಳಲ್ಲಿನ ‘ರೋಡ್’ ಎಂಬ ಪದದ ಅರ್ಥ, ಊರು ಇಲ್ಲಿಲ್ಲ, ಇನ್ನೂ ನಡೆಯಬೇಕು ಎಂಬುದಷ್ಟೇ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ರೈಲಿನಲ್ಲಿ ಬರುವ ಭಕ್ತರು ಧಾರವಾಡದಲ್ಲಿಳಿದು ಮುಂದೆ ಬೇರೆ ವಾಹನ ಹಿಡಿಯುವುದು ಇಂದಿಗೂ ನಿಂತಿಲ್ಲ.

ಎಫ್ ವರ್ಗದ ಕಾಲ ಮೆಲ್ಲನೆ ಇಳಿಯಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಿಂದ ಹೊಸ ಪ್ರಮಾಣಗಳ ದೊಡ್ಡ ಎಂಜಿನ್ನುಗಳು ಬಂದವು, ಸ್ವಾತಂತ್ರ್ಯಾನಂತರ ‘ವೈ.ಪಿ.’, ‘ವೈ.ಜಿ.’ ಎಂಬ ವರ್ಗಗಳು ಮೀಟರ್ ಹಳಿಗಳನ್ನು ಆಕ್ರಮಿಸಿದವು. 1972ರಲ್ಲಿ ಚಿತ್ತರಂಜನದಲ್ಲಿ ಭಾರತೀಯ ರೈಲ್ವೆಗಾಗಿ ಕೊನೆಯ ಉಗಿ ಎಂಜಿನ್ನು ತಯಾರಾಯಿತು. ಅದೂ ಮೀಟರ್ ಹಳಿಯದೇ. 1990ರ ದಶಕದಲ್ಲಿ ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಗಳ ಹಳಿ ಅಗಲವಾಯಿತು. ಈ ಶತಮಾನದ ಮೊದಲ ದಶಕದಲ್ಲಿ ಗದಗ-ಹೋಟಗಿಯ ಹಳೆಯ ಹಳಿಯೂ ಹೋಯಿತು. ಎಫ್ ವರ್ಗವನ್ನು ಕಣ್ಣಾರೆ ಕಾಣಬಯಸುವವರು ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಅಲ್ಲಿ ನಿಂತಿರುವ ಎಫ್-734 ಎಂಬ ಎಂಜಿನ್ನು 1895ರಲ್ಲಿ ಅಜಮೇರದ ಕಾರ್ಖಾನೆಯಲ್ಲಿ ಸಿದ್ಧವಾದದ್ದು; ಭಾರತದಲ್ಲಿ ಕಟ್ಟಿದ ಮೊದಲ ಎಂಜಿನ್ನುಗಳ ಸಾಲಿಗೆ ಅದು ಸೇರುತ್ತದೆ. ನಕ್ಷೆ ಬ್ರಿಟನ್ನಿನದು, ಕಟ್ಟಿದ ಕೈಗಳು ಇಲ್ಲಿಯವು. ಹುಬ್ಬಳ್ಳಿಯಲ್ಲಿ 2020ರಲ್ಲಿ ತೆರೆದ ರೈಲು ವಸ್ತುಸಂಗ್ರಹಾಲಯವು ಮಕ್ಕಳನ್ನು ಕರೆದೊಯ್ಯಲು ಹತ್ತಿರದ ಸ್ಥಳ.

ಕಿತ್ತೂರಿನ ರಾಣಿ ಚೆನ್ನಮ್ಮಾಜಿಯವರು 1824ರಲ್ಲಿ ಆಂಗ್ಲರೊಡನೆ ಹೋರಾಡಿ, 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ದೇಹವಿಟ್ಟರು. ಅವರ ಹೆಸರಿನ ‘ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್’ ಬೆಂಗಳೂರಿನಿಂದ ಓಡುತ್ತದೆ. ಕಿತ್ತೂರನ್ನು ಕಾಣದೆ ಓಡುತ್ತದೆ. ಬೆಂಗಳೂರಿನ ಮುಖ್ಯ ನಿಲ್ದಾಣಕ್ಕೆ ಸಂಗೊಳ್ಳಿ ರಾಯಣ್ಣನ ಹೆಸರಿದೆ. ಸಂಗೊಳ್ಳಿಯಿರುವ ಬೈಲಹೊಂಗಲ ತಾಲೂಕಿನಲ್ಲಿ ಟಿಕೀಟಿನ ಕಿಟಕಿಯುಳ್ಳ ನಿಲ್ದಾಣವಿಲ್ಲ. ಧಾರವಾಡದಿಂದ ಕಿತ್ತೂರಿನ ಮೇಲೆ ಬೆಳಗಾವಿಗೆ ಸುಮಾರು 73 ಕಿಲೋಮೀಟರಿನ ನೇರ ಹಳಿಗೆ, ಬೆಳಗಾವಿಯವರೇ ಆಗಿ ರೈಲ್ವೆ ಖಾತೆಯ ರಾಜ್ಯಮಂತ್ರಿಗಳಾಗಿದ್ದ ಸುರೇಶ ಅಂಗಡಿಯವರ ಪ್ರಯತ್ನದಿಂದ 2020ರಲ್ಲಿ ಮಂಜೂರಾತಿ ದೊರೆಯಿತು. ಆ ವರ್ಷವೇ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು. ಅನಂತರದ ವರ್ಷಗಳು ಬಹುಮಟ್ಟಿಗೆ ಭೂಸ್ವಾಧೀನದ ವ್ಯವಹಾರದಲ್ಲಿ ಕಳೆದಿವೆ. ಎರೆಯ ಹೊಲವನ್ನು ಕೊಡಬೇಕಾದ ಒಕ್ಕಲಿಗರ ಅಳಲು ಸುಳ್ಳಲ್ಲ. ಹಳಿಗಾಗಿ ತಲೆಮಾರುಗಳಿಂದ ಕಾದವರ ಅಳಲೂ ಸುಳ್ಳಲ್ಲ. ಈ ಹಳಿ ಪೂರ್ಣವಾದ ದಿನ ಕಿತ್ತೂರಿಗೆ ನಿಲ್ದಾಣ ದೊರೆಯುತ್ತದೆ, ಬೈಲಹೊಂಗಲಕ್ಕೆ ರೈಲು ಸಮೀಪವಾಗುತ್ತದೆ. ಸವದತ್ತಿ, ರಾಮದುರ್ಗಗಳ ಮೇಲೆ ಹಾಯುವ ದಾರಿಗಾಗಿ ಜನರು ಸಲ್ಲಿಸುವ ಮನವಿಗಳು ಇನ್ನೂ ಮುಂದುವರಿದಿವೆ.